ಕಲ್ಲಿನ ಮೇಲಿನ ಐದು ಗುಳಿಗಳು

ಒಕುಸೊನೆ ಊರಿನಲ್ಲಿ ಮಾಯೆಬಾ ತೊಕುಜೊ ಅವರನ್ನು ಅರಿಯದ ಮನೆ ಇರಲಿಲ್ಲ. ಮೂವತ್ತೆಂಟು ವರ್ಷ ಆ ಊರಿಗೆ ಅಂಚೆ ಹಂಚಿದವರು ಅವರು. ಯಾವ ಮನೆಯ ಅಂಚೆಪೆಟ್ಟಿಗೆಯ ಮುಚ್ಚಳ ಕಿರುಗುಟ್ಟುತ್ತದೆ, ಯಾವ ಮನೆಯ ನಾಯಿ ಬರಿದೇ ಬೊಗಳುತ್ತದೆ, ಯಾವುದು ನಿಜಕ್ಕೂ ಕಚ್ಚುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ದನಿ ಹೇಗಿದೆಯೆಂದು ಕೇಳಿದ್ದರೆ ಅರ್ಧ ಊರು ತಡವರಿಸುತ್ತಿತ್ತು. ಬಾಗುವುದು, ಕಾಗದ ಕೊಡುವುದು, ಇನ್ನೊಮ್ಮೆ ಬಾಗುವುದು. ಅಷ್ಟರಲ್ಲಿ ಅವರ ಕೆಲಸ ಮುಗಿಯುತ್ತಿತ್ತು.

ಇಂಥವರು ನಿವೃತ್ತರಾದ ಮೇಲೆ ಬಂದವರಿಗೆ ಊರು ತೋರಿಸುವ ಮಾರ್ಗದರ್ಶಿಯಾದದ್ದು ಹೆಂಡತಿ ತಮಾಯೊ ಅವರ ಕೈವಾಡ. ದಿನಕ್ಕೆ ಮೂರು ಸಲ ಗೋಡೆ ಗಡಿಯಾರ ಒರೆಸುವ ಗಂಡನನ್ನು ನೋಡಿ ನೋಡಿ ಸಾಕಾಗಿ, ಮಾರ್ಗದರ್ಶಿಗಳ ಸಂಘಕ್ಕೆ ಹೋಗಿ ಅವರ ಹೆಸರನ್ನು ತಾವೇ ಬರೆಸಿ ಬಂದಿದ್ದರು.

"ನಿಮಗೆ ಮಾತು ಬರಲ್ಲ ಅಂತ ನನಗೆ ಗೊತ್ತು ಕಣ್ರೀ," ಎಂದಿದ್ದರು ಆಕೆ. "ಬರೀ ಕೈ ತೋರಿಸಿದ್ರೂ ಸಾಕು. ಮನೆಗಳು ಅಲ್ಲೇ ಇರ್ತಾವೆ, ಎಲ್ಲೂ ಓಡಿಹೋಗಲ್ಲ."

ಅದಾಗಿ ಒಂಬತ್ತು ವರ್ಷ. ತೊಕುಜೊ ಈಗ ಕೈ ತೋರಿಸುವುದಷ್ಟೇ ಅಲ್ಲ, ಸಣ್ಣ ಚೀಟಿಗಳಲ್ಲಿ ಬರೆದುಕೊಂಡು, ಹಿಂದಿನ ಸಂಜೆ ಸ್ನಾನದ ತೊಟ್ಟಿಯಲ್ಲಿ ಕುಳಿತು ಅಭ್ಯಾಸ ಮಾಡಿ, ಒಂದು ಗಂಟೆ ನಿಲ್ಲದೆ ಮಾತನಾಡಬಲ್ಲವರಾಗಿದ್ದರು. ಹಳೆಯ ಹೆದ್ದಾರಿ, ಮರದ ಜಾಲರಿಯ ಮನೆಗಳು, ಬೆಂಕಿ ತಾಗದಿರಲೆಂದು ಹೆಂಚಿನ ಅಂಚಿನಲ್ಲಿ ಒತ್ತಿದ ನೀರಿನ ಸುಳಿಯ ಗುರುತು, ಎಲ್ಲಕ್ಕೂ ಒಂದೊಂದು ಚೀಟಿ. ಇದ್ದದ್ದರಲ್ಲಿ ಎಲ್ಲರಿಗೂ ಹಿಡಿಸುತ್ತಿದ್ದದ್ದು ಐದು ಗುಳಿಗಳ ಚೀಟಿ.

ಹೆದ್ದಾರಿ ಮೊಣಕೈಯಂತೆ ತಿರುಗುವ ಜಾಗದಲ್ಲಿ, ಕಾಲುವೆಯ ಪಕ್ಕ ಒಂದು ಕಲ್ಲಿನ ದೀಪಸ್ತಂಭವಿದೆ. ಅದರ ಬುಡದ ಉದ್ದನೆಯ ಕಲ್ಲಿನಲ್ಲಿ ಸಾಲಾಗಿ ಐದು ಗುಳಿಗಳು, ಒಂದೊಂದೂ ಸಾಕೆ ಎಂಬ ಅಕ್ಕಿಮದ್ಯ ಕುಡಿಯುವ ಬಟ್ಟಲಷ್ಟು. ಹಿಂದಿನ ಕಾಲದಲ್ಲಿ ಪಲ್ಲಕ್ಕಿ ಹೊತ್ತು ಕಣಿವೆ ಏರಿ ಬಂದವರು ಇಲ್ಲಿ ಕಬ್ಬಿಣದ ಮೊನೆಯ ಕೋಲು ಊರಿ ದಣಿವಾರಿಸಿಕೊಳ್ಳುತ್ತಿದ್ದರು, ಊರಿ ಊರಿ ಕಲ್ಲು ಹೀಗೆ ಸವೆಯಿತು ಎಂದು ತೊಕುಜೊ ಹೇಳುತ್ತಿದ್ದರು. ಜನ ಫೋಟೊ ಹಿಡಿದುಕೊಳ್ಳುತ್ತಿದ್ದರು. ಎದುರಿನ ಸಿಹಿತಿಂಡಿ ಅಂಗಡಿಯ ಹಿಸಾಯೊಶಿ ಅವರಂತೂ ಅಕ್ಕಿಹಿಟ್ಟಿನ ಕಡುಬಿನ ಮೇಲೆ ಐದು ಗುಳಿ ಒತ್ತಿ, ಒಳಗೆ ಕೆಂಪು ಕಾಳಿನ ಹೂರಣ ತುಂಬಿ, ಪೊಟ್ಟಣದ ಮೇಲೆ ಪಲ್ಲಕ್ಕಿ ಹೊರುವವರ ಚಿತ್ರ ಅಚ್ಚು ಹಾಕಿಸಿ ಮಾರುತ್ತಿದ್ದರು. ಅವರೂ ತೊಕುಜೊ ಅವರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು.

ಈ ಸಲದ ಶರತ್ಕಾಲದಲ್ಲಿ ಸಂಘದವರು ದೀಪಸ್ತಂಭದ ಪಕ್ಕ ಒಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿದರು. ಕೋಲಿನ ಗುಳಿಗಳ ಕಥೆಯನ್ನು ಕಂಚಿನ ಹಲಗೆಯಲ್ಲಿ ಎರಕ ಹೊಯ್ಯಿಸಿ ಅದರಲ್ಲಿ ಕೂರಿಸುವುದೆಂದು ತೀರ್ಮಾನವಾಗಿತ್ತು. ಬರಹ ನೋಡಿ ಒಪ್ಪಿಗೆಯ ಮೊಹರು ಒತ್ತುವ ಕೆಲಸ ತೊಕುಜೊ ಅವರದು. ಅವರು ಹದಿನಾಲ್ಕು ಸಲ ಓದಿದರು. ಎರಡು ಕಡೆ ವಿರಾಮ ಚಿಹ್ನೆ ಸರಿಪಡಿಸಿದರು. ಸೋಮವಾರದ ಸಭೆಯಲ್ಲಿ ಮೊಹರು ಒತ್ತುವುದೊಂದೇ ಬಾಕಿ.

ಅದರ ಹಿಂದಿನ ಮಂಗಳವಾರ ಶಿಗೆನೊ ಎಂಬ ಹೆಂಗಸು ಒಬ್ಬರೇ ಬಂದರು. ಅರವತ್ತು ದಾಟಿದವರು, ಬೆನ್ನಿಗೊಂದು ಚೀಲ, ಗಟ್ಟಿ ಬೆರಳುಗಳು. ಕಲ್ಲು ಕೆತ್ತುವವರ ಮನೆಯ ಮಗಳು ಎಂದು ಆಮೇಲೆ ತಿಳಿಯಿತು. ಕಥೆ ಕೇಳಿದ ಮೇಲೆ ಎಲ್ಲರಂತೆ ಫೋಟೊ ಹಿಡಿಯಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು ಒಂದು ಗುಳಿಯೊಳಗೆ ಹೆಬ್ಬೆರಳು ಆಡಿಸಿದರು. ಕಬ್ಬಿಣ ಕುಟ್ಟಿದ ಕಲ್ಲು ಒರಟಾಗಿರುತ್ತದೆ, ಇದು ಊಟದ ಬೋಗುಣಿಯ ಒಳಮೈಯಂತೆ ನುಣುಪಾಗಿದೆಯಲ್ಲ ಎಂದರು. ಮತ್ತೆ ತಲೆಯೆತ್ತಿ ಮೆಲ್ಲಗೆ ಕೇಳಿದರು:

"ಪಲ್ಲಕ್ಕಿಯವರು ಎಲ್ಲಿ ನಿಂತ್ಕೋತಿದ್ರು?"

ತೊಕುಜೊ ತೋರಿಸಲು ಹೋದರು. ಗುಳಿಗಳಿದ್ದದ್ದು ಕಲ್ಲಿನ ಕಾಲುವೆ ಬದಿಯ ಅಂಚಿನಲ್ಲಿ. ದೀಪಸ್ತಂಭಕ್ಕೂ ನೀರಿಗೂ ನಡುವೆ ಇದ್ದದ್ದು ಒಂದು ಗೇಣು ಜಾಗ. ಇಲ್ಲಿ ನಿಂತು, ಹೆಗಲ ಮೇಲೆ ಪಲ್ಲಕ್ಕಿ ಇಟ್ಟುಕೊಂಡು, ಹೀಗೆ ಕೋಲು ಊರಿ ಎಂದು ಹೇಳುತ್ತ ಬಲಗಾಲಿಟ್ಟರು, ಎಡಗಾಲಿಗೆ ಜಾಗ ಹುಡುಕಿದರು. ಸಿಗಲಿಲ್ಲ. ಎಡಗಾಲು ಮೊಣಕಾಲಿನವರೆಗೆ ನೀರಿಗಿಳಿಯಿತು. ಕಾಲುವೆಯ ಮೀನುಗಳು ಚದುರಿದವು.

ಶಿಗೆನೊ ನಗಲಿಲ್ಲ. ಕೈ ಕೊಟ್ಟು ಮೇಲೆಳೆದರು. "ನನಗೂ ಗೊತ್ತಿಲ್ಲ, ಅದಕ್ಕೇ ಕೇಳ್ದೆ," ಎಂದರು. "ನಿಮಗೇನಾದ್ರೂ ಗೊತ್ತಾದ್ರೆ ಒಂದು ಕಾರ್ಡು ಬರೀತೀರಾ?" ತಮ್ಮ ವಿಳಾಸ ಬರೆದುಕೊಟ್ಟು, ಎರಡು ಸಲ ಬಾಗಿ, ಬಸ್ಸು ಹಿಡಿಯಲು ಹೋದರು.

ಒದ್ದೆ ಬೂಟು ಪಚಪಚ ಅನ್ನಿಸುತ್ತ ತೊಕುಜೊ ಮನೆಗೆ ಬಂದರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಾನು ಅಲ್ಲಿ ನಿಂತು ನೋಡಲಿಲ್ಲವಲ್ಲ ಎಂಬುದು ಅವರನ್ನು ಕೊರೆಯುತ್ತಿತ್ತು. ಈ ಕಥೆಯನ್ನು ತನಗೆ ಹೇಳಿದವರು ಯಾರು ಎಂದು ಮೊದಲ ಸಲ ಯೋಚಿಸಿದರು. ನೆನಪು ಬಂದಾಗ ಬೂಟು ಬಿಚ್ಚುತ್ತಿದ್ದ ಕೈ ನಿಂತುಬಿಟ್ಟಿತು. ಯಾರೂ ಹೇಳಿರಲಿಲ್ಲ. ಮಾರ್ಗದರ್ಶಿಯಾದ ಮೊದಲ ದಿನ ಪ್ರವಾಸಿಯೊಬ್ಬರು ಈ ಗುಳಿಗಳೇನು ಎಂದು ಕೇಳಿದ್ದರು. ಅಷ್ಟು ದೂರದಿಂದ ಬಂದವರನ್ನು ಉತ್ತರವಿಲ್ಲದೆ ಕಳಿಸಲು ಮನಸ್ಸಾಗದೆ, ಪಲ್ಲಕ್ಕಿಯವರ ಕೋಲಿನ ಗುರುತು ಇರಬಹುದೇನೋ ಎಂದು ಅವರೇ ಅಂದಿದ್ದರು. ಪ್ರವಾಸಿ ಅದನ್ನು ಸಂಘದಲ್ಲಿ ಮೆಚ್ಚಿ ಹೇಳಿ ಹೋದರು. ಮರುವರ್ಷದ ಕರಪತ್ರದಲ್ಲಿ ಅದು ಅಚ್ಚಾಯಿತು. 'ಇರಬಹುದೇನೋ' ಎಂಬುದು ಮಾತ್ರ ಅಚ್ಚಾಗಲಿಲ್ಲ. ಕರಪತ್ರ ಓದಿ ಓದಿ ತೊಕುಜೊ ಕೂಡ ನಂಬಿದ್ದರು.

ತಮಾಯೊ ಬೂಟಿನೊಳಗೆ ಹಳೆಯ ಪತ್ರಿಕೆ ತುರುಕುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ಸುಮ್ಮನೆ ಕೈ ತೋರ್ಸಿ ಅಂದ್ನಲ್ಲ ನಾನು," ಎಂದರು.

ಮರುದಿನದಿಂದ ತೊಕುಜೊ ಹುಡುಕಲು ಹೊರಟರು. ಮೊದಲು ಅವರಿಗೆ ಬೇಕಾಗಿದ್ದದ್ದು ತನ್ನ ಕಥೆಯೇ ನಿಜವೆನ್ನುವ ಪುರಾವೆ. ಕಾಲುವೆ ಈಚಿನದಾಗಿದ್ದರೆ ಪಲ್ಲಕ್ಕಿಯವರಿಗೆ ನಿಲ್ಲಲು ಜಾಗ ಸಿಗುತ್ತಿತ್ತಲ್ಲ. ದೇವಾಲಯಕ್ಕೆ ಹೋಗಿ ಹಳೆಯ ನಕ್ಷೆ ಬಿಚ್ಚಿಸಿದರು. ಕಾಲುವೆ ನೀಲಿ ಗೆರೆಯಾಗಿ ಅಲ್ಲೇ ಇತ್ತು. ದೀಪಸ್ತಂಭವೂ ಅದರ ಬುಡದ ಕಲ್ಲೂ ಆಮೇಲೆ ಬಂದವು. ಊರಿನ ಸಣ್ಣ ವಸ್ತುಸಂಗ್ರಹಾಲಯದಲ್ಲಿ ಪಲ್ಲಕ್ಕಿಯವರ ಕೋಲೊಂದಿತ್ತು. ಗಾಜಿನ ಹೊರಗಿನಿಂದಲೇ ಅದರ ಮೊನೆ ಅಳೆದರು. ಅದು ಮೊಳೆಯಂತೆ ಚೂಪು. ಅದರಿಂದ ಬಟ್ಟಲು ಆಗುವಂತಿರಲಿಲ್ಲ. ವಿಚಿತ್ರವೆಂದರೆ, ಒಂದೊಂದು ಪುರಾವೆ ಕೈಕೊಟ್ಟ ಹಾಗೆಲ್ಲ ಅವರಿಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಅಂಚೆಯವರಾಗಿದ್ದಾಗ ವಿಳಾಸ ಅಳಿಸಿಹೋದ ಕಾಗದವೊಂದು ಕೈಗೆ ಬಂದರೆ ಆಗುತ್ತಿದ್ದಂಥ ಕುತೂಹಲ. ಇದು ಯಾರದು? ಯಾರ ಮನೆಗೆ ಸೇರಬೇಕಾದದ್ದು?

ಶನಿವಾರ ಅವರು ಚಾಪೆ ನೇಯುವವರ ಮನೆಗೆ ಹೋದರು. ಅಲ್ಲಿ ಕಿಸಾ ಅಜ್ಜಿ ಇದ್ದರು. ತೊಂಬತ್ತನಾಲ್ಕು ವರ್ಷ, ಊರಿಗೇ ಹಿರಿಯರು. ಜಗಲಿಯ ಬಿಸಿಲಲ್ಲಿ ಕುಳಿತು ಒಣಗಿಸಲು ಕಾಕಿ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದರು. ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿಯಾಗಿ ಇಳಿಯುತ್ತಿತ್ತು. ಅರವತ್ತೊಂಬತ್ತರ ತೊಕುಜೊ ಅವರಿಗೆ ಇನ್ನೂ ಚಿಕ್ಕಂದಿನ ಹೆಸರು.

"ಏನೋ ತೊಕು-ಬೋ, ಕಾಗದ ತಂದ್ಯಾ?"

"ಇಲ್ಲ ಅಜ್ಜಿ, ಒಂದು ವಿಷಯ ಕೇಳೋದಿತ್ತು," ಎಂದು ತೊಕುಜೊ ಗುಳಿಗಳ ವಿಚಾರ ತೆಗೆದರು.

ಅಜ್ಜಿ ಚಾಕು ಕೆಳಗಿಟ್ಟರು. ಅವರಿಗೆ ಕೇಳಿದ ಪ್ರಶ್ನೆಯೇ ಅರ್ಥವಾಗದಂತೆ ಕಂಡಿತು.

"ಅದ್ರಲ್ಲಿ ಏನಿದೆಯೋ ಕೇಳೋಕೆ? ನಾವು ಹುಡುಗೀರು ಅಡುಗೆ ಆಟ ಆಡ್ತಿದ್ದ ಒರಳು ಅದು. ಯೊಮೊಗಿ ಸೊಪ್ಪು ಕುಟ್ಟೋದು, ಕಾಲುವೆ ನೀರು ಸುರಿಯೋದು, ದುಂಡಗಿನ ಕಲ್ಲು ತಗೊಂಡು ಅರೆಯೋದು. ನಮ್ಮಮ್ಮ ಆಡಿದ್ಲು, ಅವಳಮ್ಮನೂ ಆಡಿದ್ಲಂತೆ. ಮೆತ್ತನೆ ಕಲ್ಲು, ಸವೆಯದೆ ಇರುತ್ತಾ?"

ಮತ್ತೆ ಬೆರಳು ಮಡಚುತ್ತ ಹೇಳುತ್ತ ಹೋದರು. ಒಂದೊಂದು ಒರಳು ಒಂದೊಂದು ಮನೆಯದು, ಇನ್ನೊಬ್ಬರು ಮುಟ್ಟಿದರೆ ಜಗಳ. ಮೊದಲನೆಯದು ತಮ್ಮದು. ಎರಡನೆಯದು ಸಿಹಿತಿಂಡಿ ಅಂಗಡಿಯ ಯಾಎ ಎಂಬ ಹುಡುಗಿಯದು, ಎಂದರೆ ಹಿಸಾಯೊಶಿ ಅವರ ತಾಯಿಯದು. ಅವಳು ಎಡಚಿ. ಬಲಗೈಯಲ್ಲೇ ತಿನ್ನು ಎಂದು ಮನೆಯಲ್ಲಿ ಹೊಡೆಯುತ್ತಿದ್ದರು, ಅದರ ಸಿಟ್ಟನ್ನೆಲ್ಲ ಒರಳಿನ ಮೇಲೆ ತೀರಿಸಿ ಎಡಗೈಯಲ್ಲೇ ಅರೆಯುತ್ತಿದ್ದಳು. ಹಾಗಾಗಿ ಅವಳ ಒರಳು ವಾಲಿಕೊಂಡಿದೆ.

"ಮೂರನೇದು ನಿಮ್ಮಮ್ಮಂದು," ಎಂದರು ಅಜ್ಜಿ. "ಅವಳು ಬಾಯಿ ಬಿಡ್ತಿರಲಿಲ್ಲ, ನಿನ್ನ ಹಾಗೇನೇ. ಆದ್ರೆ ಸೊಪ್ಪು ಅರೆದ್ರೆ ನಯಾ ಅಂದ್ರೆ ನಯ."

ನಾಲ್ಕನೆಯದು ಬಾಗಿಲು ಮುಚ್ಚಿರುವ ಮದ್ಯದಂಗಡಿಯವರದು. ಐದನೆಯದು? ಅದೂ ಆಗಲೇ ಇತ್ತು, ಯಾವ ಮನೆಯದೋ ಯಾರಿಗೂ ಗೊತ್ತಿರಲಿಲ್ಲ, ನಾವು ಅದಕ್ಕೆ ಕೈ ಹಚ್ಚುತ್ತಿರಲಿಲ್ಲ ಎಂದು ಹೇಳಿ ಅಜ್ಜಿ ಮತ್ತೆ ಚಾಕು ಕೈಗೆತ್ತಿಕೊಂಡರು.

ಭಾನುವಾರವಿಡೀ ತೊಕುಜೊ ಮನೆಯಲ್ಲೇ ಇದ್ದು ಮೂರು ಸಲ ಗಡಿಯಾರ ಒರೆಸಿದರು. ಮೊಹರು ಒತ್ತಿದರೆ ಸುಳ್ಳು ಕಂಚಿನಲ್ಲಿ ಕೂರುತ್ತದೆ, ತಾನು ಹೋದ ಮೇಲೂ ಅದು ಹೋಗುವುದಿಲ್ಲ. ಒತ್ತದಿದ್ದರೆ ಒಂಬತ್ತು ವರ್ಷ ಬಂದವರಿಗೆಲ್ಲ ತಪ್ಪು ಹೇಳಿದವನು ತಾನೆಂದು ಊರೆದುರು ನಿಲ್ಲಬೇಕು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ಹಿಸಾಯೊಶಿ ಇದ್ದರು, ಅವರ ಪಲ್ಲಕ್ಕಿ ಚಿತ್ರದ ಪೊಟ್ಟಣಗಳಿದ್ದವು.

ಸೋಮವಾರ ಸಭೆಯಲ್ಲಿ ಅವರು ಚೀಟಿ ಹಿಡಿದು ಎದ್ದು ನಿಂತರು. ಕಾಲುವೆಗೆ ಬಿದ್ದದ್ದು, ನಕ್ಷೆ, ಕೋಲಿನ ಮೊನೆ, ಕಿಸಾ ಅಜ್ಜಿ ಹೇಳಿದ್ದು, ಕೊನೆಗೆ ಆ ಮೊದಲ ದಿನದ ಊಹೆ, ಎಲ್ಲವನ್ನೂ ಒಂದನ್ನೂ ಬಿಡದೆ ಓದಿ, "ತಪ್ಪು ನನ್ನದು," ಎಂದು ಸೊಂಟದವರೆಗೆ ಬಾಗಿದರು.

ಅಧ್ಯಕ್ಷರು ಚಹಾ ಆರಿಹೋಗುತ್ತಿದೆ ಎಂದರು. ವಿಷಯಕ್ಕೆ ಮೊದಲು ಬಂದವರು ಹಿಸಾಯೊಶಿ.

"ನೀನು ಬಾಯಿ ಬಿಡದೆ ಇದ್ದಾಗಲೇ ಚೆನ್ನಾಗಿತ್ತು ತೊಕು. ತೊಂಬತ್ತನಾಲ್ಕರ ಮುದುಕಿಗೆ ಕನಸು ಯಾವುದು ನೆನಪು ಯಾವುದು ಅಂತ ಗೊತ್ತಿರುತ್ತಾ? ಕೋಲಿನ ಕಥೆ ನಮ್ಮ ಊರಿಗೆ ಒಪ್ಪುತ್ತೆ. ಹುಡುಗೀರ ಅಡುಗೆ ಆಟ ನೋಡೋಕೆ ಯಾರಪ್ಪಾ ಬರ್ತಾರೆ?"

ತೊಕುಜೊ ಚೀಟಿ ಮಡಚಿಟ್ಟರು. ಆದರೆ ಮೊಹರನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಮೊಹರಿಲ್ಲದೆ ಎರಕದವರು ಕೆಲಸ ಹಿಡಿಯುವಂತಿರಲಿಲ್ಲ. ವಸಂತದ ಸಭೆಯಲ್ಲಿ ನೋಡೋಣ ಎಂದು ಅಧ್ಯಕ್ಷರು ಮುಂದಕ್ಕೆ ಹಾಕಿದರು. ದೀಪಸ್ತಂಭದ ಪಕ್ಕ ಚೌಕಟ್ಟು ಖಾಲಿಯಾಗಿ ನಿಂತಿತು. ಹಿಸಾಯೊಶಿ ತೊಕುಜೊ ಅವರನ್ನು ಕಂಡರೆ ಅಂಗಡಿಯ ಪರದೆಯ ಹಿಂದೆ ಸರಿಯತೊಡಗಿದರು.

ಚಳಿಗಾಲವೆಲ್ಲ ತೊಕುಜೊ ಬಂದವರಿಗೆ ಹೊಸ ಚೀಟಿ ಓದಿದರು. ಹಿಂದೆ ತಪ್ಪು ಹೇಳುತ್ತಿದ್ದೆ ಎಂಬುದನ್ನೂ ಸೇರಿಸಿ ಓದಿದರು. ಅವರು ಗಮನಿಸಿದ ಒಂದು ಸಂಗತಿಯೆಂದರೆ, ಕೋಲಿನ ಕಥೆ ಕೇಳಿದವರು ನಿಂತೇ ಫೋಟೊ ಹಿಡಿಯುತ್ತಿದ್ದರು, ಈಗ ಎಲ್ಲರೂ ಕೂರುತ್ತಾರೆ. ದಪ್ಪ ಕೋಟು ತೊಟ್ಟ ದೊಡ್ಡವರು ಕೈಗವಸು ಕಳಚಿ, ಹಿಮ ಒರೆಸಿ, ಗುಳಿಯೊಳಗೆ ಬೆರಳಿಡುತ್ತಾರೆ. ತಮ್ಮ ಊರಿನಲ್ಲಿ ತಾವು ಏನೇನು ಕುಟ್ಟುತ್ತಿದ್ದೆವೆಂದು ಅವರೇ ಹೇಳತೊಡಗುತ್ತಾರೆ.

ಪರದೆಯ ಹಿಂದಿನಿಂದ ಹಿಸಾಯೊಶಿ ಕೂಡ ಇದನ್ನೆಲ್ಲ ನೋಡುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ಕಾಲುವೆಯ ಏರಿಯ ಮೇಲೆ ಯೊಮೊಗಿ ಚಿಗುರಿತು. ಒಂದು ಬೆಳಿಗ್ಗೆ, ಯಾವ ಪ್ರವಾಸಿಯೂ ಬಾರದ ಹೊತ್ತಿನಲ್ಲಿ ತೊಕುಜೊ ಎಲೆ ಗುಡಿಸುತ್ತಿದ್ದಾಗ ಹಿಸಾಯೊಶಿ ಬಿಳಿ ಮೇಲಂಗಿಯಲ್ಲೇ ರಸ್ತೆ ದಾಟಿ ಬಂದರು. ಮೊಣಕಾಲು ಹಿಡಿದುಕೊಂಡು ಕಲ್ಲಿನೆದುರು ಕುಳಿತರು.

"ಯಾವುದೋ ಎರಡನೇದು?"

ತೊಕುಜೊ ಪೊರಕೆಯ ತುದಿಯಿಂದ ತೋರಿಸಿದರು. ಹಿಸಾಯೊಶಿ ಕಾಲುವೆಯಿಂದ ದುಂಡಗಿನ ಕಲ್ಲೊಂದನ್ನು ಆರಿಸಿ, ಬಲಗೈಯಲ್ಲಿ ಹಿಡಿದು ಗುಳಿಯಲ್ಲಿ ತಿರುಗಿಸಿದರು. ಕಲ್ಲು ಅಂಚಿಗೆ ತಾಗಿ ತಾಗಿ ಹೊರಗೆ ಜಾರಿತು. ಎರಡನೆಯ ಸಲವೂ ಜಾರಿತು. ಆಮೇಲೆ ಒಂದು ಹಿಡಿ ಚಿಗುರು ಕಿತ್ತು ಹಾಕಿ, ಕಲ್ಲನ್ನು ಎಡಗೈಗೆ ಬದಲಾಯಿಸಿದರು. ಊರಿನವರೆಲ್ಲರಿಗೂ ಗೊತ್ತಿದ್ದಂತೆ ಅವರೂ ಎಡಚರೇ, ಹೂರಣ ಕಟ್ಟುವುದು ಎಡಗೈಯಲ್ಲೇ. ಕಲ್ಲು ಒಂದೇ ಸುತ್ತಿಗೆ ವಾಲಿನ ಜಾಡು ಹಿಡಿದು ಸುಗಮವಾಗಿ ತಿರುಗಿತು. ಹಸಿರು ರಸ ಬಿಟ್ಟಿತು. ಅವರು ತಿರುಗಿಸುತ್ತಲೇ ಇದ್ದರು.

"ನನಗೆ ಎಡಗೈಯಲ್ಲಿ ತಿನ್ನಬೇಡ ಅಂತ ಅಮ್ಮ ಒಂದು ದಿನಾನೂ ಹೇಳಿಲ್ಲ ಗೊತ್ತಾ," ಎಂದರು ತಲೆಯೆತ್ತದೆ.

ತೊಕುಜೊ ಪೊರಕೆ ಒರಗಿಸಿ ಪಕ್ಕದಲ್ಲಿ ಕುಳಿತರು. ಮೂರನೆಯ ಗುಳಿಗೆ ತಾವೂ ಒಂದಿಷ್ಟು ಸೊಪ್ಪು ಹಾಕಿದರು.

ಅರೆದದ್ದನ್ನು ಮೂಸಿ ನೋಡಿ, ಇದು ಹಿಟ್ಟಿಗೆ ಸೇರಿದರೆ ಬಣ್ಣ ಹೇಗೆ ಬರಬಹುದು ಎಂದು ಹಿಸಾಯೊಶಿ ತಮ್ಮಷ್ಟಕ್ಕೆ ಗೊಣಗಿದರು. ಮತ್ತೆ ಕೊನೆಯ ಗುಳಿಯನ್ನು ಗದ್ದದಿಂದ ತೋರಿಸಿದರು.

"ಅದು ಯಾರದೋ?"

ತೊಕುಜೊ ಜೇಬಿನ ಚೀಟಿಗಳನ್ನು ಮುಟ್ಟಲಿಲ್ಲ.

"ಗೊತ್ತಿಲ್ಲ," ಎಂದರು.

ಆ ಸಂಜೆ ಅವರು ಶಿಗೆನೊ ಅವರಿಗೆ ಕಾರ್ಡು ಬರೆದರು. ನಾಲ್ಕು ಗುಳಿಗಳ ವಿಚಾರ ಬರೆಯುವಷ್ಟರಲ್ಲಿ ಜಾಗ ತುಂಬಿಹೋಯಿತು. ಐದನೆಯದು ಯಾರದೆಂದು ಗೊತ್ತಿಲ್ಲವೆಂದು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಇನ್ನೊಮ್ಮೆ ಬಂದರೆ ಜೊತೆಗೇ ನೋಡೋಣ ಎಂದು ಸೇರಿಸಿದರು.