ಅಕ್ಕನ ಕುತ್ತಿಗೆಯ ಹತ್ತನೆಯ ಬಾಗಿಲು

ನನ್ನ ಅಕ್ಕನ ಕುತ್ತಿಗೆಯಲ್ಲಿ ಈಗ ಒಂದು ತೂತು ಇದೆ.

ತೂತಿನೊಳಗೆ ಬಾಗಿದ ಒಂದು ಲೋಹದ ಕೊಳವೆ. ಅಕ್ಕ ಉಸಿರಾಡುವುದು ಅದರಿಂದಲೇ. ಮಣಿಪಾಲದ ಡಾಕ್ಟರರು ಆ ತೂತನ್ನು ಸ್ಟೋಮಾ ಎನ್ನುತ್ತಾರೆ. ನಾನು ಉಡುಪಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವನು (ಹೊಸ ಓದುಗರಿಗಾಗಿ ಹೇಳಿದೆ, ಹಳಬರು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ). ಎಲೆಯ ಮೇಲಿನ ರಂಧ್ರಗಳ ಪಾಠದಲ್ಲೂ ಇದೇ ಪದ ಬರುತ್ತದೆ. ಸ್ಟೋಮಾ ಎಂದರೆ ಗ್ರೀಕಿನಲ್ಲಿ ಬಾಯಿ ಎಂದು ಪ್ರತಿ ವರ್ಷ ಬೋರ್ಡಿನಲ್ಲಿ ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಅಕ್ಕನ ಈ ಬಾಯಿಗೆ ಮಾತು ಬಾರದು.

ಮನುಷ್ಯನ ಮೈ ಒಂಬತ್ತು ಬಾಗಿಲಿನ ಮನೆ ಎಂದು ಕುಕ್ಕುಂದೂರಿನ ನಮ್ಮ ಅಜ್ಜಿ ಬೆರಳು ಮಡಚಿ ಎಣಿಸುತ್ತಿದ್ದಳು. ಕಣ್ಣು ಎರಡು, ಕಿವಿ ಎರಡು, ಮೂಗಿನ ಹೊಳ್ಳೆ ಎರಡು, ಬಾಯಿ ಒಂದು. ಉಳಿದೆರಡನ್ನು ಹೇಳುವಾಗ ನಾವಿಬ್ಬರೂ ನಗುತ್ತಿದ್ದೆವು. ಅಕ್ಕನ ಹತ್ತನೆಯ ಬಾಗಿಲನ್ನು ಬ್ಲೇಡಿನಿಂದ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಅದಾಗಿ ಐದು ವಾರ. ಅಷ್ಟೂ ವಾರ ಈ ಅಂಕಣದಲ್ಲಿ ಮಿಡಿ ಉಪ್ಪಿನಕಾಯಿ, ಬಸ್ ಕಂಡಕ್ಟರರ ಚಿಲ್ಲರೆ ಸಮಸ್ಯೆ ಎಂದೆಲ್ಲ ಬರೆದೆ. ನೀವು ಓದಿದಿರಿ. ಇನ್ನು ಆಗುವುದಿಲ್ಲ.

ಅಂದು ಭಾನುವಾರ. ಕಾಪುವಿನಲ್ಲಿ ಅಕ್ಕನ ಮನೆಯಲ್ಲಿ ಊಟ. ನೆಲದ ಮೇಲೆ ಸಾಲಾಗಿ ಹತ್ತು ಹನ್ನೆರಡು ಜನ. ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ, ಹಲಸಿನ ಬೀಜಕ್ಕೆ ಒಣ ಸಿಗಡಿ ಹಾಕಿದ ಸುಕ್ಕ. ಬಡಿಸುತ್ತಿದ್ದವರು ಭಾವನ ದೊಡ್ಡಕ್ಕ ಗುಲಾಬಕ್ಕ. ಹೆಜಮಾಡಿಯವರು. ಮೀನಿನ ಮುಳ್ಳು ಯಾರ ಗಂಟಲಲ್ಲಿ ಸಿಕ್ಕಿಕೊಂಡರೂ ಅವರನ್ನೇ ಕರೆಯುವುದು. ಒಣ ಅನ್ನವನ್ನು ಗಟ್ಟಿಯಾಗಿ ಉಂಡೆ ಕಟ್ಟಿ, ಅಗಿಯದೆ ನುಂಗಿಸುತ್ತಾರೆ. ಉಂಡೆಯ ಜೊತೆ ಮುಳ್ಳೂ ಇಳಿಯುತ್ತದೆ. ಕಡಲ ಬದಿಯ ಯಾವ ಮನೆಯಲ್ಲಿ ಈ ಮದ್ದು ಗೊತ್ತಿಲ್ಲ?

ನಾನು ಬಂಗುಡೆಯ ಬಾಲದ ತುಂಡನ್ನು ಕೆದಕುತ್ತಾ ಕುಳಿತಿದ್ದೆ.

"ನೋಡಿ ಇವನನ್ನು," ಎಂದರು ಗುಲಾಬಕ್ಕ. "ಮೀನಿಗೆ ಮುಳ್ಳು ಎಲ್ಲಿ ಉಂಟು, ಎಷ್ಟುಂಟು ಅಂತ ಕಾಲೇಜಿನಲ್ಲಿ ಪಾಠ ಮಾಡ್ತಾನಂತೆ. ಬಿಡಿಸಿ ತಿನ್ಲಿಕ್ಕೆ ಮಾತ್ರ ಬರುದಿಲ್ಲ."

"ಅವನಿಗೆ ಸಂಬಳ ಕೊಡುದು ಚಿತ್ರ ಬಿಡಿಸ್ಲಿಕ್ಕೆ ಅಲ್ವಾ," ಎಂದರು ಭಾವ. "ಮಾಸ್ಟ್ರೇ, ಬೋರ್ಡು ತರ್ಲಿಕ್ಕುಂಟಾ?"

ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ. ನಗು ಅರ್ಧಕ್ಕೆ ನಿಂತಿತು.

ಅವಳ ಕೈ ಕುತ್ತಿಗೆಗೆ ಹೋಯಿತು. ಕಣ್ಣು ದೊಡ್ಡದಾಯಿತು. ಬಾಯಿ ತೆರೆದಿತ್ತು, ಆದರೆ ಸ್ವರ ಇರಲಿಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂತೆ ಒಂದು ತೆಳ್ಳಗಿನ ಸಿಳ್ಳೆ ಮಾತ್ರ.

"ಮುಳ್ಳು," ಎಂದರು ಗುಲಾಬಕ್ಕ. ಅವರ ಕೈಯಲ್ಲಿ ಆಗಲೇ ಉಂಡೆ ತಯಾರಾಗುತ್ತಿತ್ತು.

ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಸಹಿಸಿಕೊಳ್ಳಿ. ಗಂಟಲಿನಲ್ಲಿ ದಾರಿ ಎರಡಾಗುತ್ತದೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ಶ್ವಾಸನಾಳದ ಬಾಯಲ್ಲಿರುವ ಸಣ್ಣ ಸೀಳಿಗೆ ಗ್ಲಾಟಿಸ್ ಎಂದು ಹೆಸರು. ನುಂಗುವಾಗ ಅದು ಮುಚ್ಚುತ್ತದೆ. ನಗುವಾಗ ತೆರೆದಿರುತ್ತದೆ. ನಮ್ಮ ಸ್ವರ ಹುಟ್ಟುವುದೂ ಅಲ್ಲೇ. ಮುಳ್ಳು ಚುಚ್ಚುವುದು ನುಂಗುವ ದಾರಿಯಲ್ಲಿ. ಮುಳ್ಳು ಚುಚ್ಚಿದವನು ಅಳುತ್ತಾನೆ, ಬೈಯುತ್ತಾನೆ, ಇಲ್ಲಿ ಇಲ್ಲಿ ಎಂದು ಬೆರಳು ತೋರಿಸುತ್ತಾನೆ. ಸ್ವರವೇ ಹೊರಡದಿದ್ದರೆ ಅಡ್ಡ ನಿಂತಿರುವುದು ಉಸಿರಿನ ಬಾಗಿಲಿಗೆ. ಅಲ್ಲಿಗೆ ಅನ್ನದ ಉಂಡೆ ತಳ್ಳಿದರೆ?

ಅಕ್ಕನ ಮುಂದೆ ನಿಂತಾಗ ಇದೆಲ್ಲ ನನ್ನ ತಲೆಯಲ್ಲಿ ಇತ್ತು. ಚಿತ್ರದ ಸಮೇತ ಇತ್ತು.

ಗುಲಾಬಕ್ಕ ಉಂಡೆ ಹಿಡಿದು ಒಮ್ಮೆ ನನ್ನ ಕಡೆ ತಿರುಗಿದರು. "ಕೊಡುದಲ್ವಾ ಮಾಸ್ಟ್ರೇ?"

ಅದು ತಮಾಷೆಯಲ್ಲ. ನಿಜವಾಗಿ ಕೇಳಿದರು. ಇಡೀ ಪಂಕ್ತಿ ನನ್ನನ್ನು ನೋಡುತ್ತಿತ್ತು. ಅರ್ಧ ನಿಮಿಷದ ಹಿಂದೆ ಮುಳ್ಳಿನ ವಿಷಯದಲ್ಲಿ ನನ್ನನ್ನು ನಗೆಗೀಡು ಮಾಡಿದ ಅದೇ ಜನ. ಈಗ ಬೇಡ ಎಂದರೆ? ಬೇಡ ಎಂದು, ಆಮೇಲೆ ಅದು ಮುಳ್ಳೇ ಆಗಿದ್ದರೆ?

ನಾನು ಹೌದು ಎಂದು ತಲೆಯಾಡಿಸಿದೆ.

"ಅಗಿಬೇಡ ಮಾರಾಯ್ತಿ, ಹಾಗೇ ನುಂಗು." ಮೊದಲ ಉಂಡೆ ಹೋಯಿತು. ಸಿಳ್ಳೆ ಇನ್ನೂ ತೆಳ್ಳಗಾಯಿತು. ಎರಡನೆಯ ಉಂಡೆ ಅರ್ಧ ಹೊರಗೆ ಬಂತು. ಅಕ್ಕನ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಗುಲಾಬಕ್ಕ ಮೂರನೆಯ ಉಂಡೆ ಕಟ್ಟಲಿಲ್ಲ.

ಭಾವ ಪಕ್ಕದ ಮನೆಯವರ ಅಂಬಾಸಿಡರ್ ತಂದರು. ಹಿಂದಿನ ಸೀಟಿನಲ್ಲಿ ಅಕ್ಕ, ನಾನು. ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿದಿತ್ತು. ಕಟಪಾಡಿ ದಾಟುವವರೆಗೂ ಸಿಳ್ಳೆ ಕೇಳುತ್ತಿತ್ತು. ಉದ್ಯಾವರದ ಸೇತುವೆಯ ಮೇಲೆ ಮುಂದೊಂದು ಲಾರಿ, ದಾರಿ ಕೊಡಲಿಲ್ಲ. ಭಾವ ಹಾರ್ನ್ ಒತ್ತಿ ಹಿಡಿದೇ ಇದ್ದರು. ನನಗೆ ಸಿಟ್ಟು ಬಂದದ್ದು ಹಾರ್ನ್ ಮೇಲೆ. ಆ ಸದ್ದಿನಲ್ಲಿ ಸಿಳ್ಳೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಈಗಲೂ ಯಾವುದಾದರೂ ಲಾರಿ ಹಾರ್ನ್ ಹಾಕಿದರೆ ನಾನು ನಿಂತು ಕಿವಿಗೊಡುತ್ತೇನೆ.

ಮಣಿಪಾಲದ ಏರು ಹತ್ತುವಾಗ ಉಗುರಿನ ಬಿಗಿ ಸಡಿಲವಾಯಿತು.

ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಯುವ ಡಾಕ್ಟರು ಅಕ್ಕನ ಕುತ್ತಿಗೆಯನ್ನು ಬೆರಳಿನಿಂದ ತಡಕಿದರು. ಯಾರನ್ನೂ ಏನೂ ಕೇಳಲಿಲ್ಲ. ಗೀರಿದರು. ರಕ್ತದ ಜೊತೆ ಗಾಳಿ ಒಳಗೆ ಹೋದ ಸದ್ದು ಕೇಳಿತು. ಒದ್ದೆ, ಅಸಹ್ಯ ಸದ್ದು. ಅಷ್ಟು ಚಂದದ ಸದ್ದನ್ನು ನಾನು ಕೇಳಿಯೇ ಇಲ್ಲ.

ಆಮೇಲೆ ಒಳಗಿನಿಂದ ತೆಗೆದದ್ದನ್ನು ಬಿಳಿ ತಟ್ಟೆಯಲ್ಲಿ ತೋರಿಸಿದರು. ಹಲಸಿನ ಬೀಜದ ಅರ್ಧ ಹೋಳು. ಪಕ್ಕದಲ್ಲಿ ಒಂದಿಷ್ಟು ಅನ್ನ.

"ಅನ್ನ ಯಾರು ಕೊಟ್ಟದ್ದು?" ಡಾಕ್ಟರು ಕೇಳಿದರು.

"ಮುಳ್ಳು ಅಂತ ಎಣಿಸಿ ನಮ್ಮ ಅಕ್ಕ..." ಎಂದರು ಭಾವ.

"ಮುಳ್ಳಾದ್ರೆ ಮಾತಾಡ್ಲಿಕ್ಕೆ ಆಗ್ತದೆ. ಅಷ್ಟು ಜನರಲ್ಲಿ ಒಬ್ಬರಿಗೂ ಇದು ಗೊತ್ತಿರ್ಲಿಲ್ವಾ?"

ನಾನು ತಟ್ಟೆಯನ್ನು ನೋಡುತ್ತಾ ನಿಂತೆ.

ಅನ್ನದ ಅಗುಳು ಶ್ವಾಸಕೋಶಕ್ಕೆ ಇಳಿದು ಹದಿನೈದು ದಿನ ಜ್ವರ. ಸ್ವರಪೆಟ್ಟಿಗೆಗೂ ಪೆಟ್ಟಾಗಿದೆ. ಕೊಳವೆ ಇನ್ನೆಷ್ಟು ದಿನ ಬೇಕೋ ಹೇಳಲಾಗದು, ಸ್ವರ ಮೊದಲಿನಂತೆ ಬರುವುದು ಸಂಶಯ ಎಂದಿದ್ದಾರೆ. ನನಗೆ ಅಕ್ಷರ ಕಲಿಸಿದ ಸ್ವರ ಅದು. ಮಗ್ಗಿ ತಪ್ಪಿದರೆ ಅಂಗಳದಾಚೆಯಿಂದ ಗದರಿದ ಸ್ವರ.

ಈಗ ಕಾಪುವಿನಲ್ಲಿ ಎಲ್ಲರಿಗೂ ಗೊತ್ತು, ತಪ್ಪು ಗುಲಾಬಕ್ಕನದ್ದು. ಭಾವ ಅವರೊಡನೆ ಮಾತು ಬಿಟ್ಟಿದ್ದಾರೆ. ಓದು ಬರಹ ಇಲ್ಲದವರ ಕೈಗೆ ಜೀವ ಕೊಟ್ಟರೆ ಹೀಗೇ ಎಂದು ನೆಂಟರೊಬ್ಬರು ನನ್ನೆದುರೇ ಹೇಳಿದರು, ಓದಿದವನಾದ ನನ್ನ ಒಪ್ಪಿಗೆಗಾಗಿ ಮುಖ ನೋಡುತ್ತಾ. ಗುಲಾಬಕ್ಕ ಹೆಜಮಾಡಿಗೆ ವಾಪಸಾದವರು ಅಡುಗೆಮನೆಗೆ ಕಾಲಿಡುತ್ತಿಲ್ಲವಂತೆ. ನನ್ನನ್ನು ಕೇಳಿಯೇ ಉಂಡೆ ಕೊಟ್ಟದ್ದು ಎಂದು ಅವರು ಇದುವರೆಗೆ ಯಾರಿಗೂ ಹೇಳಿಲ್ಲ. ಕೇಳಿದ್ದನ್ನು ಪಂಕ್ತಿಯಲ್ಲಿದ್ದವರೂ ಮರೆತಿದ್ದಾರೆ. ಎಷ್ಟು ಅನುಕೂಲ, ಅಲ್ಲವೇ?

ಮೊನ್ನೆ ಗುರುವಾರ ಅಕ್ಕನನ್ನು ನೋಡಲು ಹೋದೆ. ಈಗ ಅವಳ ಮಾತೆಲ್ಲ ಸ್ಲೇಟಿನ ಮೇಲೆ. "ಗುಲಾಬಕ್ಕನನ್ನು ಕರೆದುಕೊಂಡು ಬಾ" ಎಂದು ಬರೆದಳು. ಆಗಲಿ ಎಂದೆ. ಒರೆಸಿದಳು. ಆಮೇಲೆ ಬರೆದಳು: "ಆವತ್ತು ನಿನಗೆ ಗೊತ್ತಿತ್ತಾ?"

ಕೊಳವೆಯಲ್ಲಿ ಅವಳ ಉಸಿರು ಹೋಗಿ ಬರುವುದು ಕೇಳುತ್ತಿತ್ತು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಸ್ಲೇಟು ಒರೆಸಿ ಪಕ್ಕಕ್ಕಿಟ್ಟಳು.

ಅಕ್ಕ ಈ ಅಂಕಣವನ್ನು ಪ್ರತಿ ವಾರ ಓದುತ್ತಾಳೆ. ಹೆಜಮಾಡಿಯಲ್ಲಿ ಗುಲಾಬಕ್ಕನಿಗೂ ಯಾರಾದರೂ ಓದಿ ಹೇಳಲಿ.

ಗೊತ್ತಿತ್ತು, ಅಕ್ಕ.