ವಾಲಿನ ಕಲ್ಲ ಮೇಲೆ ದಿನಕ್ಕೆ ಐದು ಕೀರ್ತನೆ

ಬೆಳಗಿನ ಐದು ಗಂಟೆ. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಸಣ್ಣ ಊರು. ಎರಡನೇ ಓಣಿಯ ಮೂಲೆಯಲ್ಲಿ ಸೋಮಪ್ಪ ಕಬ್ಬಿಣದ ಉದ್ದ ಚಾವಿಯನ್ನು ಗುಂಡಿಗೆ ಇಳಿಬಿಟ್ಟು ವಾಲ್ ತಿರುಗಿಸುತ್ತಾರೆ. ನೆಲದೊಳಗೆ ನೀರು ಗುಳುಗುಳು ಎನ್ನುತ್ತದೆ. ಚಾವಿಯನ್ನು ಗೋಡೆಗೆ ಒರಗಿಸಿ, ಚಪ್ಪಡಿ ಕಲ್ಲಿನ ಮೇಲೆ ಕುಳಿತು, ಬ್ಯಾಟರಿ ಹೊತ್ತಿಸಿ, ಅಂಗಿಯ ಜೇಬಿನಿಂದ ರಟ್ಟು ಹರಿದ ಪುಸ್ತಕ ತೆಗೆಯುತ್ತಾರೆ. ಅದು ಬೈಬಲಿನ ಕೀರ್ತನೆಗಳ ಪುಸ್ತಕ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಇಡೀ ಓಣಿಗೆ ಕೇಳುವಂತೆ ಓದತೊಡಗುತ್ತಾರೆ. ಬಾಗಿಲುಗಳು ತೆರೆಯುತ್ತವೆ, ಕೊಡಗಳು ಹೊರಬರುತ್ತವೆ.

ಸೋಮಪ್ಪ ಊರಿನ ನೀರುಗಂಟಿ. ವಯಸ್ಸು ಐವತ್ತಮೂರು, ಓದಿದ್ದು ಮೂರನೇ ತರಗತಿ. ಒಂದು ಟ್ಯಾಂಕು, ಐದು ಓಣಿ, ಮುನ್ನೂರ ಹನ್ನೆರಡು ನಲ್ಲಿ ಅವರ ಸಾಮ್ರಾಜ್ಯ. ನೀರು ಬಂದರೆ ಊರಿಗೆ ಅವರ ನೆನಪಿರುವುದಿಲ್ಲ, ಬಾರದಿದ್ದರೆ ಅವರ ಮೂರು ತಲೆಮಾರಿನವರನ್ನೂ ನೆನೆಯುತ್ತಾರೆ. ಅವರು ಕ್ರೈಸ್ತರೇ ಎಂದು ಹೊಸಬರು ಕೇಳುವುದುಂಟು. ಮನೆಯ ಗೋಡೆಯ ಮೇಲಿರುವುದು ಬುದ್ಧ. ಆರು ವರ್ಷದ ಹಿಂದೆ ಹೆಂಡತಿ ಸುಂಕಮ್ಮನಿಗೆ ಹೊಟ್ಟೆಯ ಆಪರೇಷನ್ ಆದಾಗ, ಪಕ್ಕದ ಹಾಸಿಗೆಯ ಅಜ್ಜಿಯೊಬ್ಬಳು ಮನೆಗೆ ಹೋಗುವಾಗ ಈ ಪುಸ್ತಕ ಕೊಟ್ಟು ಹೋಗಿದ್ದಳು.

"ಅಕ್ಷರ ದೊಡ್ಡವು ಇದ್ವು ರೀ, ಅದಕ್ಕ ಓದಾಕ ಹತ್ತಿದೆ" ಎನ್ನುತ್ತಾರೆ ಸೋಮಪ್ಪ. "ಆಮ್ಯಾಲ ನೋಡಿದ್ರ, ಆ ಬರದಾವ ದೇವರ ಕೂಡ ಜಗಳಾನೂ ಆಡ್ಯಾನ, ಅತ್ತಾನ, ಹೊಗಳ್ಯಾನ. ನಮ್ಮಂಗ ಅದಾನಲ್ಲ ಇವ ಅನ್ನಿಸ್ತು."

ವಾಲಿನ ಬಳಿ ಓದಲು ಇನ್ನೊಂದು ಕಾರಣವೂ ಇದೆ. ನೀರುಗಂಟಿ ಸುಮ್ಮನೆ ಕುಳಿತರೆ ಬೈಯುವವರಿಗೆ ಬಿಡುವು ಸಿಕ್ಕಂತೆ. ಪುಸ್ತಕ ಹಿಡಿದು ಕುಳಿತವನನ್ನು ಯಾರೂ ಮಾತಾಡಿಸುವುದಿಲ್ಲ. ಒಂದು ವಾಲಿಗೆ ಒಂದು ಕೀರ್ತನೆ: ಓದುವುದು, ಹಿಡಿಸಿದ ಸಾಲನ್ನು ಮತ್ತೆ ಓದುವುದು, ಆಕಾಶ ನೋಡುತ್ತ ಒಂದಿಷ್ಟು ಯೋಚಿಸುವುದು, ಎದ್ದು ವಾಲ್ ಬಂದ್ ಮಾಡುವುದು. ಹೆಚ್ಚುಕಡಿಮೆ ಇಪ್ಪತ್ತು ನಿಮಿಷ ಆಗುತ್ತದೆ. ನೂರೈವತ್ತು ಕೀರ್ತನೆ, ಐದು ಓಣಿ. ಮೂವತ್ತು ದಿನಕ್ಕೆ ಪುಸ್ತಕ ಮುಗಿದು, ಒಂದನೇ ತಾರೀಕಿಗೆ ಮತ್ತೆ ಮೊದಲ ಪುಟ; ಮೂವತ್ತೊಂದನೇ ತಾರೀಕು ಇದ್ದರೆ ಅಂದು ಹಿಡಿಸಿದ ಐದು. ಫೆಬ್ರವರಿಯಲ್ಲಿ ಮಾತ್ರ ಕೊನೆಯ ಕೆಲವು ಕೀರ್ತನೆಗಳಿಗೆ ರಜೆ.

ಎಡವಟ್ಟು ಆದದ್ದು ಈ ಲೆಕ್ಕದಲ್ಲೇ. ತಿಂಗಳ ಇಪ್ಪತ್ನಾಲ್ಕನೇ ತಾರೀಕು ಎರಡನೇ ಓಣಿಗೆ ನೂರ ಹದಿನೇಳನೆಯ ಕೀರ್ತನೆ ಬೀಳುತ್ತದೆ. ಅದರಲ್ಲಿರುವುದು ಎರಡೇ ವಚನ. ಅದೇ ದಿನ ನಾಲ್ಕನೇ ಓಣಿಗೆ ನೂರ ಹತ್ತೊಂಬತ್ತನೆಯದು, ನೂರ ಎಪ್ಪತ್ತಾರು ವಚನ. ಎರಡನೇ ಓಣಿಯವರು ಮೂರು ನಿಮಿಷಕ್ಕೇ ನೀರು ನಿಂತು, ತಳ ಕಾಣುವ ಕೊಡ ಹಿಡಿದು ನಿಂತರೆ, ನಾಲ್ಕನೇ ಓಣಿಯವರು ಒಂದೂವರೆ ತಾಸು ಕೌದಿ ಒಗೆದು, ಎಮ್ಮೆ ತೊಳೆದು, ಅಂಗಳಕ್ಕೂ ಹೊಡೆಯುತ್ತಿದ್ದರು. ಆ ಓಣಿಯ ಹೆಂಗಸರು ಕೌದಿ ಒಗೆಯಲು ಇಪ್ಪತ್ನಾಲ್ಕನೇ ತಾರೀಕನ್ನೇ ಕಾಯುತ್ತಿದ್ದರು.

ಎರಡನೇ ಓಣಿಯಲ್ಲಿ ಕಿರಾಣಿ ಅಂಗಡಿಯ ಜಂಬಣ್ಣನ ಮನೆ. ಅವರು ಒಂದು ದಿನ ಕಲ್ಲಿನ ಹತ್ತಿರವೇ ಬಂದು ನಿಂತರು.

"ಸೋಮಪ್ಪ, ನಮ್ಮ ಓಣಿಗೆ ಯಾಕಪ್ಪಾ ಇಷ್ಟೇ ನೀರು?"

"ಒಂದು ಪೂರ್ತಿ ಕೀರ್ತನಿ ಓದೀನಲ್ರಿ ಯಜಮಾನ್ರ. ದೇವರ ಮಾತಿನ್ಯಾಗ ಸಣ್ಣದು ದೊಡ್ಡದು ಐತೇನ್ರಿ?"

"ದೇವರ ಮಾತಿನ್ಯಾಗ ಇಲ್ಲಪ್ಪ, ನಮ್ಮ ಡ್ರಮ್ಮಿನ್ಯಾಗ ಐತಿ."

ಜಂಬಣ್ಣ ಪಂಚಾಯಿತಿಗೆ ಅರ್ಜಿ ಕೊಟ್ಟರು. ಮರುದಿನವೇ ತೀರ್ಮಾನವಾಯಿತು: ಮೊಬೈಲಿನಲ್ಲಿ ಅಲಾರಂ ಇಟ್ಟು ಓಣಿಗೆ ಇಪ್ಪತ್ತು ನಿಮಿಷ ನೀರು ಬಿಡಬೇಕು; ಪುಸ್ತಕ ತಂದರೆ ಕೆಲಸಕ್ಕೆ ಬೇರೆಯವರು. ಸೋಮಪ್ಪನಿಗೆ ಅನ್ನ ಕೊಡುವುದು ವಾಲ್, ಸಮಾಧಾನ ಕೊಡುವುದು ಪುಸ್ತಕ. ಪುಸ್ತಕ ಮನೆಯಲ್ಲಿ ಉಳಿಯಿತು. ಅವರಿಗೆ ಬಹಳ ನೋವಾಯಿತು.

"ಮೂರು ದಿನ ನನ್ನ ಕೂಡ ಮಾತಾಡ್ಲಿಲ್ರಿ. ಮಧ್ಯಾಹ್ನ ಬೇವಿನ ಗಿಡದ ಕೆಳಗ ಕುಂತು, ವೈರಿಗಳಿಗೆ ಶಾಪ ಹಾಕೋ ಕೀರ್ತನಿ ಹುಡಿಕಿ ಹುಡಿಕಿ ಓದ್ತಿದ್ರು" ಎಂದು ಸುಂಕಮ್ಮ ನಗುತ್ತಾರೆ.

ಆ ಮೂರು ದಿನ ಊರಿನ ಪಾಡು ಬೇರೆಯೇ ಆಯಿತು. ನೀರು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಆರು ವರ್ಷದಿಂದ ಸೋಮಪ್ಪನ ದನಿ ಕೇಳಿಯೇ ಏಳುತ್ತಿದ್ದ ಜನ ಹಾಯಾಗಿ ಮಲಗಿದ್ದರು, ನೀರು ಚರಂಡಿ ಸೇರಿತು. ಮೂರನೆಯ ದಿನ ಜಂಬಣ್ಣನ ಹೆಂಡತಿ ಕೊಟ್ರಬಸಮ್ಮ ಖಾಲಿ ಕೊಡ ಹೊತ್ತು ಗಂಡನ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದರು.

"ಮೊದ್ಲು ಮೂರು ನಿಮಿಷ ಆದ್ರೂ ಸಿಗ್ತಿತ್ತು. ನೀವು ಅರ್ಜಿ ಕೊಟ್ಟು ಅದನ್ನೂ ಕಳದ್ರಿ. ಅವನ ಪುಸ್ತಕ ಅವನಿಗೆ ಕೊಡಸ್ರಿ, ಇಲ್ಲಾಂದ್ರ ನಾಳಿ ಸ್ನಾನಕ್ಕ ಅಂಗಡ್ಯಾಗಿನ ಸೋಡಾನ ಗತಿ."

ಜಂಬಣ್ಣ ಅರ್ಜಿ ಹಿಂತೆಗೆದುಕೊಂಡರು, ಪುಸ್ತಕ ಮತ್ತೆ ಕಲ್ಲಿಗೆ ಬಂತು. ಆದರೆ ವ್ಯಾಪಾರಿ ಬುದ್ಧಿ ಸುಮ್ಮನಿರಲಿಲ್ಲ. ಸೋಮಪ್ಪನ ಪಕ್ಕ ಅದೇ ಕಲ್ಲಿನ ಮೇಲೆ, ಹಣೆಗೆ ವಿಭೂತಿ, ಮೂಗಿಗೆ ಕನ್ನಡಕ ಏರಿಸಿಕೊಂಡು ಕುಳಿತು, ನೂರೈವತ್ತು ಕೀರ್ತನೆಗಳ ವಚನ ಎಣಿಸಿದರು. ದೊಡ್ಡ ಕೀರ್ತನೆಯನ್ನು ಪುಸ್ತಕದವರೇ ಎಂಟೆಂಟು ವಚನದ ಇಪ್ಪತ್ತೆರಡು ಭಾಗ ಮಾಡಿದ್ದು ಅವರ ಕಣ್ಣಿಗೇ ಬಿತ್ತು. ಈಗ ದಿನಕ್ಕೊಂದು ಭಾಗ. ತೀರ ಸಣ್ಣದು ಬಂದರೆ ಮುಂದಿನದನ್ನೂ ಸೇರಿಸಿ ಓದಬೇಕು. ನಾಲ್ಕನೇ ಓಣಿಯ ಹೆಂಗಸರು ಇನ್ನೂ ಜಂಬಣ್ಣನನ್ನು ಮಾತಾಡಿಸಿಲ್ಲ.

ಏಳು ಗಂಟೆಯ ಹೊತ್ತಿಗೆ ಕೊನೆಯ ವಾಲ್ ಬಂದ್ ಮಾಡಿ ಸೋಮಪ್ಪ ಬೀಡಿ ಹಚ್ಚುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಪುಸ್ತಕವನ್ನು ಜೇಬಿಗಿಳಿಸಿ ಹೇಳುತ್ತಾರೆ.

"ಆ ಮೂರು ದಿನ ಶಾಪದ ಕೀರ್ತನಿ ಬಂದಲ್ಲೆಲ್ಲಾ ವೈರಿ ಅಂದ್ರ ಜಂಬಣ್ಣ ಅಂತ ಓದ್ಕಂತಿದ್ದೆ ರೀ. ಬಡವರ ಪಾಲು ತಿನ್ನೋನು, ನ್ಯಾಯ ತಪ್ಪಿದೋನು ಅಂತ ಬರ್ತೈತಿ. ಓದಿ ಓದಿ ಒಂದು ದಿನ ನಾಲಿಗಿ ತಡೀತು. ಮೂರು ನಿಮಿಷ ನೀರು ಬಿಟ್ಟಾವ ಯಾರು? ನಾನ ಅಲ್ಲೇನ್ರಿ? ಆ ಕೆಟ್ಟ ಮನಿಷಾ ನಾನ ಆಗಿದ್ದೆ. ಆರು ವರ್ಷಕ್ಕ ಒಂದು ಕೀರ್ತನಿ ತಿಳೀತು. ಇನ್ನ ನೂರಾ ನಲವತ್ತೊಂಬತ್ತು ಅದಾವ. ಅಲ್ಲೀ ತನಕ ಈ ಕೆಲಸ ಒಂದು ಇರ್ಲಿ."