ಮೆಟ್ಟಿಲಿಲ್ಲದ ಅಂಗಡಿ

ಬೈರಕೂರಿನ ವೆಂಕಟರಾಯಪ್ಪ ಶಾಲೆಯಲ್ಲಿ ಹೆಚ್ಚು ದಿನ ಕೂತವನಲ್ಲ. ಆದರೂ ಒಂದು ಕಾಲದಲ್ಲಿ ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯ ರೇಡಿಯೋ ಮೂಕವಾದರೂ, ಜ್ವರ ಬಂದ ಕೂಸನ್ನು ತರುವಂತೆ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನ ಜಗಲಿಗೇ ತರುತ್ತಿದ್ದರು. ಈಗ ರೇಡಿಯೋಗಳೂ ಇಲ್ಲ, ತರುವವರೂ ಇಲ್ಲ. ಮೊನ್ನೆ ಆ ಜಗಲಿಗೆ ಬಂದವಳು ಪಕ್ಕದ ಮನೆ ಅಂಜಮ್ಮನ ಮೊಮ್ಮಗಳು ರಂಜಿತ. ಮುಖ ಬಾಡಿತ್ತು.

"ತಾತಾ, ಸೋಮವಾರದೊಳಗೆ ಯಾವುದಾದ್ರೂ ಕಂಪ್ಯೂಟರ್ ರಿಪೇರಿ ಅಂಗಡೀಲಿ ಇಂಟರ್ನ್‌ಶಿಪ್‌ಗೆ ಸೇರ್ಬೇಕು. ಇಲ್ಲಾಂದ್ರೆ ಡಿಪ್ಲೊಮಾ ಒಂದು ವರ್ಷ ಹಿಂದೆ ಬೀಳುತ್ತೆ. ಮುಳಬಾಗಿಲಲ್ಲಿ ಎಲ್ಲಾ ಕಡೆ ಕೇಳ್ದೆ. ಜಾಗ ಇಲ್ಲ ಅಂತಾರೆ."

"ಕೇಳಿದ್ಯಾ? ಅದಕ್ಕೇ ಸಿಕ್ಕಿಲ್ಲ. ಕಸುಬು ಕಲಿಯೋರು ಬಾಯಿಬಿಟ್ಟು ಕೇಳ್ತಾರೇನೇ?"

"ಮತ್ತೆ?"

"ಅಂಗಡಿ ಮೆಟ್ಟಿಲ ಮೇಲೆ ಕೂತ್ಕೋತಾರೆ."

ಮುಳಬಾಗಿಲಲ್ಲಿ ಖಾದರ್ ಸಾಬರ ರೇಡಿಯೋ ಅಂಗಡಿಯ ಕಲ್ಲುಮೆಟ್ಟಿಲ ಮೇಲೆ ವೆಂಕಟರಾಯಪ್ಪ ಹಿಂದೆ ಕೂತದ್ದು ಹಾಗೆಯೇ. ಮೀಸೆ ಚಿಗುರದ ವಯಸ್ಸು. ಸಾಬರು ತಿರುಗಿಯೂ ನೋಡುತ್ತಿರಲಿಲ್ಲ. ಒಳಗೆ ಸೀಸ ಕರಗುವ ಹೊಗೆ, ಅರ್ಧ ಹಾಡು, ಮತ್ತೆ ಕರಕರ. ಒಂದು ಮಧ್ಯಾಹ್ನ ರೇಡಿಯೋ ಹೊಟ್ಟೆಯೊಳಗೆ ಒಂದು ಕೈ ಇಟ್ಟುಕೊಂಡೇ ಇನ್ನೊಂದನ್ನು ಹಿಂದಕ್ಕೆ ಚಾಚಿ, "ಚಿಮ್ಟ," ಎಂದರು. ಸಣ್ಣ ತಂತಿ ಹಿಡಿಯುವ ಚಿಮ್ಟವನ್ನು ಇವನು ಆ ಕೈಗೆ ಇಟ್ಟ. ಅಷ್ಟೆ. ಸಾಬರು ಅಂಗಡಿಯ ಹಿಂದಿನ ಮನೆಗೆ ಕೂಗಿ, "ಇನ್ನೊಂದು ರೊಟ್ಟಿ ಹಾಕು," ಎಂದರು. ಕೆಲಸಕ್ಕೆ ಸೇರಿದ್ದು ಹಾಗೆ.

ಶನಿವಾರ ಇಬ್ಬರೂ ಬಸ್ಸು ಹತ್ತಿ ಕೋಲಾರಕ್ಕೆ ಬಂದರು. ಅಫ್ಸರ್ ಎಂಬವನ ಕಂಪ್ಯೂಟರ್ ಅಂಗಡಿ ದೊಡ್ಡದೆಂದು ಯಾರೋ ಹೇಳಿದ್ದರು. ದೊಡ್ಡದೇ. ಆದರೆ ರಸ್ತೆಯ ಮಟ್ಟಕ್ಕೇ ಗಾಜಿನ ಬಾಗಿಲು, ಮೆಟ್ಟಿಲೇ ಇಲ್ಲ! ವಿಧಿಯಿಲ್ಲದೆ ಅಫ್ಸರನ ಮೇಜಿನ ಪಕ್ಕದ ಕುರ್ಚಿಗಳಲ್ಲಿ ಕೂತರು.

"ಏನ್ ತಾತಾ, ರಿಪೇರಿಗೆ ಏನ್ ತಂದ್ರಿ?"

"ಏನೂ ಇಲ್ಲಪ್ಪ."

"ಕೊಟ್ಟಿದ್ದು ಇಸ್ಕೊಳ್ಳೋಕಾ?"

"ಅದೂ ಅಲ್ಲ. ನಿನ್ನ ಕೆಲಸ ನೀನು ಮಾಡ್ಕೋ. ನಾವು ಕೂತಿರ್ತೀವಿ."

ಅಫ್ಸರ್ ಬೆಪ್ಪಾದ. ಯಾವುದೋ ದೂರು ಹೊತ್ತು ಬಂದಿದ್ದಾರೆಂದುಕೊಂಡು ಟೀ ತರಿಸಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಟೀ ಬಂತು.

"ತಾತಾ, ನಾನೇ ಕೇಳ್ತೀನಿ," ಎಂದು ರಂಜಿತ ಪಿಸುಗುಟ್ಟಿದಳು.

"ಸುಮ್ಕಿರೇ."

ಮಧ್ಯಾಹ್ನ ಇಳಿಯಿತು. ಆಗ ವೆಂಕಟರಾಯಪ್ಪನ ಕಣ್ಣಿಗೆ ಒಂದು ಸಂಗತಿ ಬಿತ್ತು. ಅಫ್ಸರನ ಸಾಮಾನುಗಳೆಲ್ಲ ಅವನ ಮುಂದೆಯೇ ಸಾಲಾಗಿ ನಿಂತಿವೆ. ಸಾಬರಂತೆ ಅಫ್ಸರ್ ಯಾಕೆ ಹಿಂದಕ್ಕೆ ಕೈ ಚಾಚಬೇಕು? ಸಾಯಂಕಾಲದವರೆಗೆ ಕೂತರೂ ಚಾಚುವವನಲ್ಲ. ತನ್ನ ಜಂಬಕ್ಕೆ ಹುಡುಗಿಯ ವರ್ಷ ಮುಳುಗುತ್ತದಲ್ಲ!

"ನಿನ್ನ ದಾರೀನೇ ಸರಿ ಇರ್ಬೇಕು ಕಣವ್ವ. ಹೋಗಿ ಕೇಳು," ಎಂದ.

ರಂಜಿತ ಎದ್ದಳು. ಅಷ್ಟರಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದ ಅಫ್ಸರನ ಕೈಯಿಂದ ಚಿಮ್ಟ ಜಾರಿ ಮುದುಕನ ಕಾಲ ಬಳಿ ಬಿತ್ತು. ಸಡಿಲವಾದ ಕೇಬಲನ್ನು ಒಂದು ಕೈಯಲ್ಲಿ ಬಿಡಲಾರದೆ ಹಿಡಿದಿದ್ದ ಅವನು, ತಲೆ ಎತ್ತದೆಯೇ ಇನ್ನೊಂದು ಕೈ ಚಾಚಿದ.

ವೆಂಕಟರಾಯಪ್ಪನ ಕೈ ತಾನಾಗಿಯೇ ಕೆಳಗೆ ಹೋಯಿತು. ಬೆರಳಿಗೆ ಲೋಹ ತಣ್ಣಗೆ ತಾಕಿತು. ಎಷ್ಟು ವರ್ಷವಾಗಿತ್ತು! ಎತ್ತಿ ಕೊಟ್ಟುಬಿಡುವ ಆಸೆಯಾಯಿತು. ಕೈ ಹಿಂದೆಳೆದುಕೊಂಡು ಹುಡುಗಿಯತ್ತ ನೋಡಿದ.

ರಂಜಿತ ಚಿಮ್ಟ ಎತ್ತಿ ಕೊಟ್ಟಳು. ಜೊತೆಗೆ, ಯಾರೂ ಹೇಳದೆಯೇ, ಮೊಬೈಲಿನ ಬೆಳಕನ್ನು ಕೇಬಲಿನ ಮೇಲೆ ಹಿಡಿದಳು.

"ಅಣ್ಣಾ, ಇಂಟರ್ನ್‌ಶಿಪ್‌ಗೆ ಜಾಗ ಬೇಕಿತ್ತು."

ಕೇಬಲ್ ಕೂತ ಮೇಲೆ ಅಫ್ಸರ್ ತಲೆ ಎತ್ತಿದ. "ಇದನ್ನ ಬೆಳಿಗ್ಗೇನೇ ಹೇಳ್ಬಾರ್ದಾ ತಾಯಿ? ಕಂಪ್ಲೇಂಟು ಅಂತ ಹೆದ್ರಿ ಟೀ ಮೇಲೆ ಟೀ ಕುಡಿಸ್ದೆ! ಸೋಮವಾರ ಬಾ. ತಾತನ್ನ ಮಾತ್ರ ಊರಲ್ಲೇ ಬಿಟ್ಬಾ."

ಮೂವರೂ ನಕ್ಕರು. ಹೊರಗೆ ಬರುವಾಗ ವೆಂಕಟರಾಯಪ್ಪ ಮೆಟ್ಟಿಲಿಳಿಯುವವನಂತೆ ಕಾಲು ಕೆಳಗಿಟ್ಟು ಮುಗ್ಗರಿಸಿದ. ರಂಜಿತ ಮೊಣಕೈ ಹಿಡಿದಳು.

"ಇಲ್ಲಿ ಮೆಟ್ಟಿಲಿಲ್ಲ ತಾತಾ."

"ಗೊತ್ತು ಕಣೇ," ಎಂದ ಅವನು, ಮೆಟ್ಟಿಲಿಲ್ಲದ ಬಾಗಿಲನ್ನು ಇನ್ನೊಮ್ಮೆ ತಿರುಗಿ ನೋಡಿ.